ಫೋನ್ ಒಂದು, ಮಂದಿ ನಾಲ್ಕು. ಎಐ ಯಾರನ್ನ ನೆನಪಿಡ್ತದೆ?

(1/3)

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆಯವರಿಗೆ ಒಂದು ಪ್ರಶ್ನೆ. ನಿಮ್ಮ ಮನೆಯಲ್ಲಿ ಚಾಟ್‌ಜಿಪಿಟಿ ಇರೋ ಫೋನ್ ಯಾರದು? "ನಂದೇ" ಅನ್ನೋರು ಸ್ವಲ್ಪ ತಡೀರಿ. ನಿನ್ನೆ ರಾತ್ರಿ ಅದು ಯಾರ ಕೈಯಲ್ಲಿತ್ತು?

ನಮ್ಮ ಕಡೆ ಎಷ್ಟೋ ಮನೆಯಲ್ಲಿ ಫೋನ್ ಅಂದ್ರೆ ಮನೆ ಸಾಮಾನು ಇದ್ದಂಗೆ. ಹೋಮ್‌ಸ್ಟೇ ಬುಕಿಂಗ್‌ಗೂ ಅದೇ, ಫೋನ್‌ಪೇಗೂ ಅದೇ, ತಂಗಿ ಅಸೈನ್‌ಮೆಂಟ್‌ಗೂ ಅದೇ. ಜೋಯಿಡಾದ ಒಳಗಿನ ಊರಲ್ಲಿ ನೆಟ್‌ವರ್ಕ್ ಸಿಗೋ ಜಾಗಕ್ಕೆ ಒಬ್ಬರು ಹೊರಟ್ರೆ ಉಳಿದವರ ಕೆಲಸಾನೂ ಅದೇ ಫೋನ್‌ನಲ್ಲಿ ಹೋಗ್ತದೆ. ಎಐ ಆ್ಯಪ್ ಮಾಡಿದವರ ಲೆಕ್ಕದಲ್ಲಿ ಮಾತ್ರ ಒಂದು ಅಕೌಂಟ್ ಅಂದ್ರೆ ಒಬ್ಬ ಮನುಷ್ಯ. ಮೆಮೊರಿ ಅನ್ನೋ ಸೆಟ್ಟಿಂಗ್ ನಿಂತಿರೋದೇ ಈ ಲೆಕ್ಕದ ಮೇಲೆ.

ಹಿಂಗೆ ಯೋಚಿಸಿ ನೋಡ್ರಿ. ಹುಡುಗಿಯೊಬ್ಬಳು ಅಣ್ಣನ ಫೋನ್‌ನಲ್ಲಿ ಕೇಳ್ತಾಳೆ: "ಮುಟ್ಟು ಮೂರು ತಿಂಗಳಿಂದ ಸರಿಯಾಗಿ ಆಗ್ತಿಲ್ಲ, ಏನಿರಬಹುದು?" ಇಲ್ಲಾ, "ಈಗಲೇ ಮದುವೆ ಬೇಡ, ಎಂಕಾಂ ಮಾಡ್ಬೇಕು, ಅಪ್ಪನಿಗೆ ಹೆಂಗೆ ಹೇಳಲಿ?" ಉತ್ತರ ಓದಿ ಚಾಟ್ ಡಿಲೀಟ್ ಮಾಡ್ತಾಳೆ. ವಾರದ ಮೇಲೆ ಅಣ್ಣ ಅದೇ ಆ್ಯಪ್‌ನಲ್ಲಿ ಬೇರೇನೋ ಕೇಳಿದಾಗ ಎಐ "ನೀವು ಎಂಕಾಂ ಓದಬೇಕು ಅಂತಿದ್ದೀರಲ್ಲ, ಹಾಗಾಗಿ..." ಅಂತ ಶುರು ಮಾಡಿದ್ರೆ? ಪಾಪ, ಅದಕ್ಕೇನು ಗೊತ್ತು ಕೇಳ್ತಿರೋನು ಬೇರೆಯವನು ಅಂತ.

ಅದಕ್ಕೇ ಹೇಳ್ತೀನಿ, ನಾಲ್ಕು ಜನ ಮುಟ್ಟೋ ಫೋನ್‌ನಲ್ಲಿ ಮೆಮೊರಿ ಆಫ್ ಇರಬೇಕು. "ಮೆಮೊರಿ ಆನ್ ಮಾಡ್ಕೊಳ್ರಿ, ಸೂಪರ್ ಐತಿ" ಅನ್ನೋ ರೀಲ್ಸ್ ಮಾಡೋರಿಗೆಲ್ಲ ಸ್ವಂತ ಫೋನ್ ಇರ್ತದೆ ಬಿಡ್ರಿ.

(2/3)

ಈಗ ಅದು ಹೆಂಗೆ ನಡೀತದೆ ಅಂತ ನೋಡೋಣ. ಚಾಟ್‌ಜಿಪಿಟಿಗೆ ಮೆಮೊರಿ ಬಂದಿದ್ದು 2024ರಲ್ಲಿ. 2025ರಿಂದ ಹಳೆಯ ಚಾಟ್‌ಗಳಿಂದಲೂ ವಿಷಯ ಎತ್ಕೊಂಡು ಉತ್ತರ ಹೊಂದಿಸೋಕೆ ಶುರು ಮಾಡಿತು. ಅದೇ ವರ್ಷ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಗೋ ಭಾರತದವರಿಗೆ ಒಂದು ವರ್ಷ ಫ್ರೀ ಅಂದ್ರು. ಜಿಯೋದವರು ಜೆಮಿನಿ ಪ್ರೋ 18 ತಿಂಗಳು ಫ್ರೀ ಕೊಟ್ರು, ಅದೂ ಮೊದಲು 18ರಿಂದ 25 ವಯಸ್ಸಿನವರಿಗೆ, ಅಂದ್ರೆ ನಮ್ಮ ಕ್ಲಾಸಿನವರಿಗೇ.

ಚಾಟ್ ಡಿಲೀಟ್ ಮಾಡಿದ್ರೆ ಎಲ್ಲ ಹೋಯ್ತು ಅಂತ ತುಂಬ ಜನ ತಿಳ್ಕೊಂಡಿದ್ದಾರೆ. ಬಿಕಾಂ ಭಾಷೇಲಿ ಹೇಳ್ತೀನಿ: ಚಾಟ್ ಅಂದ್ರೆ ವೋಚರ್, ಸೇವ್ ಆದ ಮೆಮೊರಿ ಅಂದ್ರೆ ಲೆಡ್ಜರ್. ಪೋಸ್ಟಿಂಗ್ ಆದ ಮೇಲೆ ವೋಚರ್ ಹರಿದು ಹಾಕಿದ್ರೆ ಲೆಡ್ಜರ್‌ನಲ್ಲಿರೋ ಎಂಟ್ರಿ ಅಳಿಸಿ ಹೋಗ್ತದಾ? ಇಲ್ಲ. ಎರಡನ್ನೂ ಬೇರೆ ಬೇರೆ ಅಳಿಸಬೇಕು. ಮೆಮೊರಿ ಆಫ್ ಮಾಡಿದ್ರೂ ಮೊದಲೇ ಬರೆದಿಟ್ಟಿದ್ದು ಅಲ್ಲೇ ಕೂತಿರ್ತದೆ. ಸೆಟ್ಟಿಂಗ್ಸ್ ಒಳಗೆ ಪರ್ಸನಲೈಸೇಶನ್, ಅದರೊಳಗೆ ಮೆಮೊರಿ. ಅಲ್ಲಿ ಪಟ್ಟಿ ತೆಗೆದು ಒಂದೊಂದೇ ಓದ್ರಿ. "ನನ್ನ ಬಗ್ಗೆ ನಿನಗೇನು ನೆನಪಿದೆ?" ಅಂತ ಕನ್ನಡದಲ್ಲೇ ಕೇಳಿದ್ರೂ ಹೇಳ್ತದೆ.

ಮೆಮೊರಿ ಆಫ್ ಆದ್ರೂ ಚಾಟ್ ಪಟ್ಟಿ ಎದುರಿಗೇ ಕಾಣ್ತದಲ್ಲ? ಅದಕ್ಕೆ ಟೆಂಪರರಿ ಚಾಟ್ ಐತಿ. ಪಟ್ಟಿಯಲ್ಲಿ ಕಾಣಲ್ಲ, ಮೆಮೊರಿಗೆ ಸೇರಲ್ಲ. ಕಂಪನಿ ಮಾತ್ರ ಸುರಕ್ಷತೆ ಕಾರಣಕ್ಕೆ 30 ದಿನದವರೆಗೆ ಪ್ರತಿ ಇಟ್ಕೋಬಹುದು. ಮನೆಯವರ ಕಣ್ಣಿಂದ ಮರೆಯಾಗೋದು ಬೇರೆ, ಕಂಪನಿಯ ಕಣ್ಣಿಂದ ಮರೆಯಾಗೋದು ಬೇರೆ. ನಿಮ್ಮ ಮಾತನ್ನ ಮಾಡೆಲ್ ತರಬೇತಿಗೆ ಬಳಸಬಾರದು ಅಂದ್ರೆ ಡೇಟಾ ಕಂಟ್ರೋಲ್ಸ್ ಒಳಗೆ ಇನ್ನೊಂದು ಸ್ವಿಚ್ ಐತಿ, ಅದನ್ನೂ ಆಫ್ ಮಾಡ್ಬೇಕು. ಜೆಮಿನಿಯಲ್ಲಿ ನೀವೇನೂ ಮುಟ್ಟದಿದ್ರೆ 18 ತಿಂಗಳು ಇಟ್ಕೊಳ್ತದೆ, ಆಫ್ ಮಾಡಿದ್ರೂ 72 ಗಂಟೆ ಇರ್ತದೆ. ವಾಟ್ಸಾಪ್‌ನಲ್ಲಿ ಗೆಳತಿಗೆ ಕಳಿಸಿದ ಮೆಸೇಜ್ ಎನ್‌ಕ್ರಿಪ್ಟ್ ಆಗಿ ನಿಮ್ಮಿಬ್ಬರಲ್ಲೇ ಉಳೀತದೆ. ಆ ನೀಲಿ ರಿಂಗಿನ ಮೆಟಾ ಎಐಗೆ ಹೇಳಿದ್ದು ಮೆಟಾ ಕಂಪನಿಗೇ ಹೇಳಿದಂಗೆ.

ಝೆರಾಕ್ಸ್ ಅಂಗಡಿ ಕಂಪ್ಯೂಟರ್‌ನಲ್ಲಿ ಪ್ರಾಜೆಕ್ಟ್ ಮಾಡೋರು ಲಾಗ್ಔಟ್ ಆಗ್ರಿ. ಅಷ್ಟೇ, ಅದಕ್ಕೆ ಭಾಷಣ ಬೇಡ.

(3/3)

"ಮನೆಯವರಿಂದ ಮುಚ್ಚಿಡೋದು ಏನೈತಿ?" ಅಂತ ಯಾರಾದ್ರೂ ಕಾಮೆಂಟ್ ಹಾಕೇ ಹಾಕ್ತಾರೆ. ನಮ್ಮ ಅವ್ವಂದಿರನ್ನ ನೋಡ್ರಿ. ಸಂಘಕ್ಕೆ ಹೋಗೋದು ಊರಿಗೇ ಗೊತ್ತು, ಆದ್ರೆ ಪಾಸ್‌ಬುಕ್ ಇರೋದು ಅಕ್ಕಿ ಡಬ್ಬಿ ಹಿಂದೆ. ಅದು ಮೋಸ ಅಂತ ಯಾರೂ ಅನ್ನಲ್ಲ. ಮತ್ತೆ ಮಗಳ ಪ್ರಶ್ನೆಗೆ ಮಾತ್ರ ಯಾಕೆ ಬೇರೆ ನ್ಯಾಯ? ಅವಳು ಕೇಳೋಕೇ ಹೆದರಿ ಸುಮ್ಮನಾದ್ರೆ, ಡಾಕ್ಟರ್ ಹತ್ರ ಹೋಗೋದೂ ತಡ ಆಗ್ತದೆ, ಸ್ಕಾಲರ್‌ಶಿಪ್ ತಾರೀಖೂ ದಾಟಿ ಹೋಗ್ತದೆ.

ಖಾಸಗಿತನ ದೊಡ್ಡ ಊರಿನವರ ಶೋಕಿ ಅನ್ನೋರಿಗೆ ಒಂದು ಹೆಸರು ಹೇಳ್ತೀನಿ: ಕೆ.ಎಸ್. ಪುಟ್ಟಸ್ವಾಮಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಆಧಾರ್ ವಿಷಯಕ್ಕೆ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ ಎಂಬತ್ತು ದಾಟಿತ್ತು. ಅವರ ಕೇಸಿನಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಅಂದ್ರು.

2023ರಲ್ಲಿ ಡೇಟಾ ರಕ್ಷಣೆ ಕಾನೂನು ಬಂತು, ನಿಯಮಗಳು 2025ರ ನವೆಂಬರ್‌ನಲ್ಲಿ. ಕಂಪನಿಗಳ ಮೇಲಿನ ಮುಖ್ಯ ಹೊಣೆಗಳು ಜಾರಿಗೆ ಬರೋಕೆ ಅಲ್ಲಿಂದ 18 ತಿಂಗಳ ಗಡುವು. ಅದರಲ್ಲಿ ನನಗೆ ಇಷ್ಟವಾದ ಮಾತು ಒಂದೈತಿ: ನಿಮ್ಮ ಒಪ್ಪಿಗೆ ಕೇಳೋ ನೋಟಿಸನ್ನ ಇಂಗ್ಲಿಷ್ ಅಥವಾ ಎಂಟನೇ ಅನುಸೂಚಿಯ ಯಾವುದೇ ಭಾಷೇಲಿ ಓದೋ ಅವಕಾಶ ಕೊಡಬೇಕು. ಕನ್ನಡ, ಕೊಂಕಣಿ, ಮರಾಠಿ, ಉರ್ದು ನಾಲ್ಕೂ ಆ ಪಟ್ಟಿಯಲ್ಲಿವೆ. ಹಳಿಯಾಳ ಸಂತೆಯಲ್ಲಿ ಕಿವಿಗೆ ಬೀಳೋ ಭಾಷೆಗಳೇ! ಅವ್ವ, ಆಯಿ, ಅಮ್ಮಿ ಯಾರು ಫೋನ್ ಹಿಡಿದ್ರೂ ಓದೋ ಹಂಗೆ ಬರೀಬೇಕು. "ಮೆಮೊರಿ" ಅಂದ್ರೆ ಫೋನ್ ಸ್ಟೋರೇಜ್ ಅಂತ ನಮ್ಮಪ್ಪನಂಥವರು ತಿಳ್ಕೊಂಡ್ರೆ ಅದು ಅವರ ತಪ್ಪಲ್ಲ. "ನೀವು ಹೇಳಿದ್ದನ್ನ ನಾನು ಬರೆದಿಡಲಾ?" ಅಂತ ಕೇಳಿದ್ರೆ ಯಾರಿಗೆ ಅರ್ಥ ಆಗಲ್ಲ?

ಸ್ವಂತ ಫೋನ್, ಸ್ವಂತ ಅಕೌಂಟ್, ಲಾಕ್ ಇದ್ರೆ ಮೆಮೊರಿ ಆನ್ ಇಟ್ಕೊಳ್ರಿ. ಕಾಸ್ಟಿಂಗ್ ಸಿಲಬಸ್ ಪ್ರತಿ ಸಲ ಟೈಪ್ ಮಾಡೋದು ತಪ್ಪತದೆ. ಒಂದೇ ಫೋನ್ ಇರೋರು ಈ ಪೋಸ್ಟ್ ಸೇವ್ ಮಾಡ್ಕೊಂಡು, ಇವತ್ತು ರಾತ್ರಿ ಫೋನ್ ನಿಮ್ಮ ಕೈಗೆ ಬಂದಾಗ ಮೊದಲು ಆ ಪಟ್ಟಿ ತೆಗೀರಿ.