ಮೊದಲ ನೌಕರಿಯ ಕಾಗದ

ಕಪ್ಪತಗುಡ್ಡದ ಮಗ್ಗುಲಿನ ಡೋಣಿಯಂಥ ಊರಿನಲ್ಲಿ ಮಗನಿಗೋ ಮಗಳಿಗೋ ನೌಕರಿಯ ಕಾಗದ ಬಂದಿತೆಂದರೆ ಅದು ಒಂದು ಮನೆಯ ಸಮಾಚಾರವಾಗಿ ಉಳಿಯುವುದಿಲ್ಲ, ಓಣಿಯ ಸಮಾಚಾರವಾಗುತ್ತದೆ. ಮಳೆಯನ್ನೇ ನಂಬಿದ ಒಕ್ಕಲುತನದ ಮನೆಗೆ ತಿಂಗಳು ತಿಂಗಳು ತಪ್ಪದೆ ಬರುವ ಸಂಬಳ ಎಂಥ ಆಸರೆಯೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದುದರಿಂದಲೇ ಆ ಕಾಗದವನ್ನು ಜನ ಪ್ರಸಾದದಂತೆ ಎರಡೂ ಕೈಯೊಡ್ಡಿ ಸ್ವೀಕರಿಸುತ್ತಾರೆ. ಪ್ರಸಾದವನ್ನು ಯಾರೂ ಪರೀಕ್ಷಿಸಿ ನೋಡುವುದಿಲ್ಲ. ತೊಡಕು ಇರುವುದು ಇಲ್ಲಿಯೇ: ನೇಮಕಪತ್ರವು ಪ್ರಸಾದವಲ್ಲ, ಕರಾರು.

ಇದೇ ಮನೆಯ ಹಿರಿಯರು ಎರಡೆಕರೆ ಹೊಲವನ್ನು ಲಾವಣಿಗೆ ಕೊಡುವಾಗ ವಾಯಿದೆ ಎಷ್ಟು, ಹಣ ಯಾವಾಗ, ಸಾಕ್ಷಿ ಯಾರು ಎಂದು ಕೇಳದೆ ಬಿಡುವವರಲ್ಲ. ಎತ್ತು ಕೊಳ್ಳುವಾಗ ಹಲ್ಲು ನೋಡದೆ ಹಗ್ಗ ಹಿಡಿಯುವವರಲ್ಲ. ಅಂಥ ವ್ಯವಹಾರಜ್ಞಾನವುಳ್ಳ ಮನೆಯ ಪದವೀಧರನು ತನ್ನ ಆಯುಷ್ಯದ ಎರಡು ಮೂರು ವರ್ಷಗಳನ್ನು ಬರೆದುಕೊಡುವಾಗ ಕಾಗದವನ್ನು ಕೊನೆಯವರೆಗೆ ಓದುವುದಿಲ್ಲವೇಕೆ? ಒಂದು ಕಾರಣ ಭಾಷೆ. ಕಾಗದ ಇಂಗ್ಲಿಷಿನಲ್ಲಿರುತ್ತದೆ, ಅದೂ ವಕೀಲರ ಇಂಗ್ಲಿಷಿನಲ್ಲಿ. ಇನ್ನೊಂದು ಕಾರಣ ಭಯ: ಕೇಳಿದರೆ ಎಲ್ಲಿ ಕೈತಪ್ಪುವುದೋ ಎಂಬ ಭಯ. ಅದು ನಿರಾಧಾರವೆನ್ನುವಂತಿಲ್ಲ. ನೆರೆಯ ಕೊಪ್ಪಳ ಜಿಲ್ಲೆಗೆ ಸಂವಿಧಾನದ 371(ಜೆ) ವಿಧಿಯಿಂದ ಉದ್ಯೋಗದಲ್ಲಿ ಮೀಸಲಾತಿ ಉಂಟು. ಗದಗ ಜಿಲ್ಲೆಗೆ ಅದಿಲ್ಲ. ಪದವಿ ಪಡೆದು ಆರು ತಿಂಗಳಾದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ ಕೊಡುವ ಯುವನಿಧಿಯನ್ನು ರಾಜ್ಯ ಸರಕಾರವು 2024ರ ಜನವರಿಯಲ್ಲಿ ಆರಂಭಿಸಿದುದೇ ಕೆಲಸದ ಅಭಾವಕ್ಕೆ ಸಾಕ್ಷಿ.

ಆದರೆ ಭಯದಿಂದ ಹಾಕಿದ ಸಹಿಯೂ ಸಹಿಯೇ. ಮಂಗಳೂರಿನಲ್ಲಿ ಹುಟ್ಟಿ, 2019ರಲ್ಲಿ ಬ್ಯಾಂಕ್ ಆಫ್ ಬರೋಡದಲ್ಲಿ ವಿಲೀನಗೊಂಡ ವಿಜಯಾ ಬ್ಯಾಂಕಿನ ಒಂದು ಮೊಕದ್ದಮೆ, ಮೊದಲ ನೌಕರಿಯದಲ್ಲವಾದರೂ, ಇಲ್ಲಿ ನೆನೆಯತಕ್ಕದ್ದು. 2007ರಲ್ಲಿ ಮೇಲಿನ ಹುದ್ದೆಯೊಂದಕ್ಕೆ ನೇಮಕಗೊಂಡ ಅಧಿಕಾರಿಯೊಬ್ಬರು, ಮೂರು ವರ್ಷ ತುಂಬುವ ಮೊದಲೇ ಬಿಟ್ಟರೆ ಎರಡು ಲಕ್ಷ ರೂಪಾಯಿ ತೆರುವುದಾಗಿ ಮುಚ್ಚಳಿಕೆ ಬರೆದುಕೊಟ್ಟಿದ್ದರು. 2009ರಲ್ಲಿ ಬೇರೆ ಬ್ಯಾಂಕಿಗೆ ಹೋಗುವಾಗ ಹಣವನ್ನು ಪ್ರತಿಭಟಿಸಿಯೇ ತೆತ್ತು, ನ್ಯಾಯಾಲಯದ ಮೆಟ್ಟಿಲೇರಿದರು. ಕರ್ನಾಟಕದ ಉಚ್ಚ ನ್ಯಾಯಾಲಯ ಅವರ ಪಕ್ಷ ವಹಿಸಿತು. 2025ರ ಮೇ 14ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ರದ್ದುಗೊಳಿಸಿ, ಮುಚ್ಚಳಿಕೆ ಊರ್ಜಿತವೆಂದಿತು. ಹಾಗೆಂದು ಎಲ್ಲ ಮುಚ್ಚಳಿಕೆಗಳೂ ಊರ್ಜಿತವೆಂದು ತಿಳಿಯಬಾರದು. ಸಾರ್ವಜನಿಕ ಬ್ಯಾಂಕಿನ ನೇಮಕದ ವೆಚ್ಚವನ್ನೂ ಆ ಹುದ್ದೆಯ ಸಂಬಳವನ್ನೂ ತೂಗಿ ನೋಡಿ ಆಡಿದ ಮಾತು ಅದು. ಅಲ್ಪ ಸಂಬಳ ಕೊಟ್ಟು ಲಕ್ಷಗಳ ದಂಡ ಬರೆಸಿಕೊಳ್ಳುವ ಧಣಿಗೆ ಅದೇ ತೀರ್ಪು ಗುರಾಣಿಯಾಗಬೇಕೆಂದಿಲ್ಲ.

ಕರಾರು ನೌಕರನನ್ನು ಕಟ್ಟುವುದಾದರೆ ಧಣಿಯನ್ನೂ ಕಟ್ಟಬೇಕಷ್ಟೆ? 2022ರಲ್ಲಿ ಇನ್ಫೋಸಿಸ್ ಆಯ್ದುಕೊಂಡ ಸುಮಾರು 2,000 ಎಂಜಿನಿಯರುಗಳು ಕೆಲಸಕ್ಕೆ ಸೇರುವ ದಿನಕ್ಕಾಗಿ ಎರಡು ವರ್ಷಗಳಷ್ಟು ಕಾಯಬೇಕಾಯಿತು. ದೂರು ಕೇಂದ್ರದ ಕಾರ್ಮಿಕ ಸಚಿವಾಲಯದವರೆಗೆ ಹೋಯಿತು. 2025ರ ಫೆಬ್ರುವರಿಯಲ್ಲಿ ಅದೇ ಸಂಸ್ಥೆಯ ಮೈಸೂರು ಕೇಂದ್ರದಿಂದ 300ಕ್ಕೂ ಹೆಚ್ಚು ತರಬೇತಿದಾರರನ್ನು, ಒಳಪರೀಕ್ಷೆಗಳಲ್ಲಿ ಉತ್ತೀರ್ಣರಾಗಲಿಲ್ಲವೆಂದು, ಮನೆಗೆ ಕಳುಹಿಸಲಾಯಿತು. ಈ ಷರತ್ತು ಕರಾರಿನಲ್ಲಿಯೇ ಇದೆಯೆಂಬುದು ಸಂಸ್ಥೆಯ ಸಮಾಧಾನ. ಇರಬಹುದು. ಆದರೆ ತರುಣನು ತಪ್ಪಿದರೆ ಏನೆಂಬುದನ್ನು ಬರೆದಿಟ್ಟ ಕಾಗದವು, ತರುಣನನ್ನು ಕಾಯಿಸಿದರೆ ಏನೆಂಬುದನ್ನೂ ಹೇಳಬೇಡವೆ? ನಗರದ ಅನುಕೂಲಸ್ಥರ ಮಗನು ಎರಡು ವರ್ಷ ಕಾಯಬಲ್ಲನು. ಸಾಲ ಮಾಡಿ ಓದಿಸಿದ ಮನೆಗೆ ಅದು ಎರಡು ವರ್ಷದ ಬಡ್ಡಿ.

ತರುಣರ ಕರ್ತವ್ಯವೂ ಇಷ್ಟೇ ಸ್ಪಷ್ಟವಾದುದು. ಒಪ್ಪಿಗೆ ಕೊಟ್ಟು, ಬೇರೆ ಕಡೆ ಹೆಚ್ಚು ಸಂಬಳ ಕಂಡೊಡನೆ ಒಂದು ಮಾತೂ ತಿಳಿಸದೆ ಮರೆಯಾಗುವುದು ಜಾಣತನವೆನಿಸಲಾರದು. ಆ ಸ್ಥಾನಕ್ಕಾಗಿ ಕಾದಿದ್ದ ಇನ್ನೊಬ್ಬನ ಹಕ್ಕು ಅದರಿಂದ ಕೆಡುತ್ತದೆ.

2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಕಾರ್ಮಿಕರಿಗೆಲ್ಲ ನೇಮಕಪತ್ರ ಕೊಡುವುದನ್ನು ಕಡ್ಡಾಯಗೊಳಿಸಿವೆ. ಬಾಯಿಮಾತಿನ ನೌಕರಿಯ ಕಾಲ ಹೋಗಬೇಕೆಂಬುದು ಕಾಯಿದೆಯ ಆಶಯ, ಸ್ವಾಗತಾರ್ಹವಾದುದೇ. ಆದರೆ ಕಾಯಿದೆಯು ಕಾಗದವನ್ನು ಕೊಡಿಸಬಲ್ಲುದೇ ಹೊರತು ಓದಿಸಲಾರದು. ಆ ಕೆಲಸ ನಮ್ಮ ಕಾಲೇಜುಗಳದು. ಪದವಿಯ ಕೊನೆಯ ವರ್ಷದಲ್ಲಿ ಒಂದೆರಡು ದಿನ ಅಧ್ಯಾಪಕರು ಮಾದರಿಯ ನೇಮಕಪತ್ರವೊಂದನ್ನು ಹಿಡಿದು, ಸೇರುವ ದಿನ, ಪರೀಕ್ಷಾವಧಿ, ಕೈಗೆ ಬರುವ ಸಂಬಳ, ಮುಚ್ಚಳಿಕೆಯ ಮೊತ್ತ, ಬಿಡುವ ಮುನ್ನ ಕೊಡಬೇಕಾದ ಸೂಚನೆ ಇವನ್ನೆಲ್ಲ ಕನ್ನಡದಲ್ಲಿ ಬಿಡಿಸಿ ಹೇಳಿದರೆ, ಅದು ಯಾವ ಪಠ್ಯಕ್ಕೂ ಕಡಿಮೆಯಾದ ಪಾಠವಲ್ಲ. ಓದಿ, ತಿಳಿದು, ಕೇಳಬೇಕಾದುದನ್ನು ವಿನಯದಿಂದ ಕೇಳಿ, ಆಮೇಲೆ ಹಾಕಿದ ಸಹಿಯಲ್ಲಿ ದೈನ್ಯವಿರುವುದಿಲ್ಲ. ದೈನ್ಯವಿಲ್ಲದೆ ಕೆಲಸಕ್ಕೆ ಸೇರಿದವನು ಕೆಲಸವನ್ನೂ ನೆಟ್ಟಗೆ ಮಾಡುತ್ತಾನೆ.