ನೊಣದ ಮೇಲೆ ದುಡ್ಡು ಯಾಕೆ ಎನ್ನುವವರಿಗೆ

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿದವಳು ನಾನು. ಕಳಿತ ಬಾಳೆಹಣ್ಣಿನ ಸುತ್ತ ಪುಟ್ಟ ನೊಣಗಳು ಹಾರಾಡುವುದು ಕಂಡಾಗೆಲ್ಲ 1996ರ ಒಂದು ಚಿತ್ರ ಕಣ್ಣಿಗೆ ಬರುತ್ತದೆ: ಸತ್ತ ನೊಣ, ಅದರ ಮೈಮೇಲೆ ಬೂಷ್ಟಿನ ಎಳೆಗಳು. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಜೂಲ್ಸ್ ಹಾಫ್‌ಮನ್ ಅವರ ಪ್ರಯೋಗಾಲಯದ ಚಿತ್ರ ಅದು; ಅಲ್ಲಿ ಕಂಡುಕೊಂಡದ್ದು ಇದು. ‘ಟೋಲ್’ ಎಂಬ ಜೀನ್ ನೊಣದಲ್ಲಿ ಕೆಟ್ಟರೆ ಬೂಷ್ಟು, ಅಂದರೆ ಶಿಲೀಂಧ್ರ, ಹೊಕ್ಕ ಸುದ್ದಿ ಜೀವಕೋಶದೊಳಕ್ಕೆ ಮುಟ್ಟುವುದಿಲ್ಲ, ಅದನ್ನು ಕೊಲ್ಲುವ ಪ್ರೋಟೀನು ತಯಾರಾಗುವುದಿಲ್ಲ. 1998ರಲ್ಲಿ ಅಮೆರಿಕದ ಬ್ರೂಸ್ ಬಾಯ್ಟ್ಲರ್ ಇಲಿಯಲ್ಲೂ ಈ ಜೀನಿನ ನೆಂಟನನ್ನು ಗುರುತಿಸಿದರು. ನಮ್ಮ ಬಿಳಿ ರಕ್ತಕಣಗಳೂ ಸೋಂಕಿನ ಸುಳಿವು ಹಿಡಿಯುವುದು ಇದೇ ಕುಲದ ಜೀನುಗಳು ರೂಪಿಸುವ ಗ್ರಾಹಕಗಳಿಂದ. 2011ರ ನೊಬೆಲ್ ಹಾಫ್‌ಮನ್, ಬಾಯ್ಟ್ಲರ್ ಇಬ್ಬರಿಗೂ ಬಂತು.  ನೊಣದ ಮೇಲಿನ ಪ್ರಯೋಗ ನಮ್ಮ ರಕ್ತಕಣಗಳ ಗುಟ್ಟಿಗೆ ದಾರಿ ತೋರಿತು; ಆದ್ದರಿಂದಲೇ ಯಾವ ಕಾಯಿಲೆಯ ಹೆಸರೂ ಇಲ್ಲದ ಸಂಶೋಧನಾ ಅರ್ಜಿಗೂ ಸರ್ಕಾರ ಹಣ ಕೊಡಬೇಕು, ವರ್ಷಗಟ್ಟಲೆ ಕಾಯಬೇಕು.