ನೋವಿನ ಮಾತು ದಾಖಲಾಗಲಿ, ಮದ್ದಿನ ತೀರ್ಮಾನ ಆಮೇಲೆ ಆಗಲಿ

ಕೂತರೆ ಉರಿ, ಎದ್ದು ನಿಂತರೆ ತುಸು ಸಮಾಧಾನ, ಮಲಗಿದರೆ ಇನ್ನಷ್ಟು ವಾಸಿ. ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣುವುದಿಲ್ಲ, ಮೂತ್ರ ಪರೀಕ್ಷೆಯಲ್ಲಿ ಸೋಂಕು ಸಿಗುವುದಿಲ್ಲ. ಆದರೂ ಗುದದ್ವಾರದಿಂದ ಜನನಾಂಗದವರೆಗಿನ ಜಾಗದಲ್ಲಿ ಚುಚ್ಚುವ, ಉರಿಯುವ ನೋವು ತಿಂಗಳುಗಟ್ಟಲೆ ಬಿಡುವುದಿಲ್ಲ. ಪ್ಯುಡೆಂಡಲ್ ನರದ ನೋವಿನಿಂದ ಬಳಲುವವರು, ಹೆಂಗಸರಿರಲಿ ಗಂಡಸರಿರಲಿ, ಹೆಚ್ಚುಕಡಿಮೆ ಇದನ್ನೇ ಹೇಳುತ್ತಾರೆ. ಇವರಲ್ಲಿ ಕೆಲವರಿಗೆ ವೈದ್ಯರು ಡಯಾಜಿಪಾಮ್ ಅಥವಾ ಬ್ಯಾಕ್ಲೊಫೆನ್ ಎಂಬ ಸ್ನಾಯು ಸಡಿಲಿಸುವ ಔಷಧವನ್ನು ಸಪೋಸಿಟರಿಯಾಗಿ, ಅಂದರೆ ಗುದದ್ವಾರದ ಇಲ್ಲವೇ ಯೋನಿಯ ಒಳಗಿಡುವ ಮಾತ್ರೆಯಾಗಿ, ಬರೆದುಕೊಡುವುದುಂಟು. ಅದನ್ನು ಬಳಸಿದವರು ಹೇಳುವ ಅನುಭವಕ್ಕೆ ಎಷ್ಟು ಬೆಲೆ ಕೊಡಬೇಕು ಎಂಬುದು ಇಲ್ಲಿನ ಪ್ರಶ್ನೆ. ಪೂರ್ತಿ ನಂಬಿ ಮದ್ದು ಹಂಚುವುದೂ ತಪ್ಪು, ಬರೀ ಅನಿಸಿಕೆ ಎಂದು ತಳ್ಳಿಹಾಕುವುದೂ ತಪ್ಪು. ರೋಗಿಯ ಮಾತು ಮದ್ದಿನ ಗುಣಕ್ಕೆ ದುರ್ಬಲ ಸಾಕ್ಷಿ, ಕಾಯಿಲೆಗೆ ಮಾತ್ರ ಪ್ರಬಲ ಸಾಕ್ಷಿ. ಆ ಸಾಕ್ಷ್ಯವನ್ನು ಕ್ರಮವಾಗಿ ದಾಖಲಿಸುವ ಕೆಲಸ ತಿ.ನರಸೀಪುರ ತಾಲ್ಲೂಕಿನ ಸೋಸಲೆಯಂಥ ಹೋಬಳಿಗಳ ಮಟ್ಟದಿಂದಲೇ ಶುರುವಾಗಬೇಕು.

ಬೆನ್ನುಹುರಿಯ ತಳಭಾಗದಿಂದ ಹೊರಡುವ ಪ್ಯುಡೆಂಡಲ್ ನರ ಸೊಂಟದ ಎರಡು ಗಟ್ಟಿ ಅಸ್ಥಿರಜ್ಜುಗಳ ನಡುವೆ ನುಸುಳಿ ಗುದದ್ವಾರ ಮತ್ತು ಜನನಾಂಗದ ಭಾಗಕ್ಕೆ ಹರಡುತ್ತದೆ. ಕಷ್ಟದ ಹೆರಿಗೆ, ವರ್ಷಗಟ್ಟಲೆಯ ಮಲಬದ್ಧತೆಯಲ್ಲಿ ತಿಣುಕುವುದು, ಆ ಭಾಗದ ಶಸ್ತ್ರಚಿಕಿತ್ಸೆ, ದೀರ್ಘಕಾಲದ ಸೈಕಲ್ ಸವಾರಿ ಇವುಗಳಿಂದ ನರಕ್ಕೆ ಪೆಟ್ಟಾಗಬಹುದು, ಒತ್ತಡ ಬೀಳಬಹುದು. ನೋವಿಗೆ ಹೆದರಿ ಸುತ್ತಲಿನ ಸ್ನಾಯುಗಳು ಬಿಗಿಯುತ್ತವೆ, ಬಿಗಿತ ನೋವನ್ನು ಹೆಚ್ಚಿಸುತ್ತದೆ. ಸಪೋಸಿಟರಿಯ ಹಿಂದಿರುವ ತರ್ಕ ಈ ಬಿಗಿತವನ್ನು ಬಿಡಿಸುವುದು. ಗುದದ್ವಾರದ ದಾರಿಯಲ್ಲಿ ಔಷಧ ಕೊಡುವುದೇನೂ ವಿಚಿತ್ರವಲ್ಲ. ಮಕ್ಕಳಿಗೆ ಫಿಟ್ಸ್ ಬಂದಾಗ ಡಯಾಜಿಪಾಮನ್ನು ಗುದದ್ವಾರದ ಮೂಲಕ ಕೊಡುವುದು ವೈದ್ಯರಿಗೆಲ್ಲ ಗೊತ್ತಿರುವ ಪದ್ಧತಿ.

ಬಳಸಿದವರ ಮಾತು ಮೂರು ಬಗೆ. ರಾತ್ರಿ ಇಟ್ಟುಕೊಂಡರೆ ಬಿಗಿತ ಸಡಿಲಗೊಂಡು ನೆಮ್ಮದಿಯಾಗಿ ಮಲಗಬಹುದು, ಕೆಲವು ಗಂಟೆ ಕೂರಬಹುದು ಎನ್ನುವವರಿದ್ದಾರೆ. ಮಂಪರು ಬಿಟ್ಟರೆ ಬೇರೇನೂ ಸಿಗಲಿಲ್ಲ ಎನ್ನುವವರಿದ್ದಾರೆ. ಮೊದಮೊದಲು ಹಿತವಾಗಿ, ಆಮೇಲೆ ಔಷಧವಿಲ್ಲದೆ ಇರಲಾಗದಂತಾಯಿತು ಎನ್ನುವವರೂ ಇದ್ದಾರೆ. ವಿಜ್ಞಾನದ ದಾಖಲೆಯಲ್ಲೂ ಇಂಥದೇ ಏರಿಳಿತವಿದೆ. 2010ರಲ್ಲಿ ಪ್ರಕಟವಾದ ಅಮೆರಿಕದ ಒಂದು ವರದಿಯಲ್ಲಿ ಯೋನಿಯೊಳಗೆ ಡಯಾಜಿಪಾಮ್ ಬಳಸಿದ 26 ಮಹಿಳೆಯರಲ್ಲಿ 25 ಮಂದಿ ಸುಧಾರಣೆ ಕಂಡಿದ್ದಾಗಿ ಹೇಳಿದ್ದರು. ಆದರೆ ಅಲ್ಲಿ ಹೋಲಿಸಿ ನೋಡಲು ಔಷಧವಿಲ್ಲದ ಮಾತ್ರೆಯ ಗುಂಪು ಇರಲಿಲ್ಲ. 2013ರಲ್ಲಿ 21 ಮಹಿಳೆಯರ ಮೇಲೆ ಅಂಥ ಹೋಲಿಕೆಯೊಂದಿಗೆ 10 ಮಿ.ಗ್ರಾಂ. ಡಯಾಜಿಪಾಮನ್ನು ಪರೀಕ್ಷಿಸಿದಾಗ ಎರಡು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. 2019ರ ಇನ್ನೊಂದು ಪರೀಕ್ಷೆಯ ಫಲಿತಾಂಶವೂ ಅದೇ. ಇವೆಲ್ಲ ಚಿಕ್ಕ ಅಧ್ಯಯನಗಳು. ಸೊಂಟದ ತಳದ ಸ್ನಾಯು ಬಿಗಿತವನ್ನು ಕುರಿತವೇ ಹೊರತು ನಿರ್ದಿಷ್ಟವಾಗಿ ಪ್ಯುಡೆಂಡಲ್ ನರದ ನೋವನ್ನಲ್ಲ.

ಹಾಗಾದರೆ ಆ 25 ಮಂದಿ ಸುಳ್ಳು ಹೇಳಿದರೇ? ಖಂಡಿತ ಇಲ್ಲ. ದೀರ್ಘಕಾಲದ ನೋವು ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ, ಏರುತ್ತದೆ, ಇಳಿಯುತ್ತದೆ. ಮಾತ್ರೆ ಶುರು ಮಾಡುವುದು ಸಾಮಾನ್ಯವಾಗಿ ನೋವು ಅತಿಯಾದಾಗ. ಆಮೇಲೆ ತಾನಾಗಿ ಇಳಿದರೂ ಆ ಕೀರ್ತಿ ಮಾತ್ರೆಗೆ ಹೋಗುತ್ತದೆ. ತನ್ನ ನೋವನ್ನು ನಂಬುವ ವೈದ್ಯರು ಕೊನೆಗೂ ಸಿಕ್ಕರೆಂಬ ಸಮಾಧಾನವೂ ಬಿಗಿತವನ್ನು ಇಳಿಸುತ್ತದೆ. ಉಪಶಮನವಾದದ್ದು ನಿಜ, ಅದರ ಕಾರಣ ಮಾತ್ರ ಒಬ್ಬರ ಅನುಭವದಿಂದ ತೀರ್ಮಾನವಾಗುವುದಿಲ್ಲ.

ಅದೇ ಅನುಭವ ರೋಗನಿರ್ಣಯಕ್ಕೆ ಬಂದಾಗ ಯಾವ ಯಂತ್ರಕ್ಕಿಂತಲೂ ಬೆಲೆಯುಳ್ಳದ್ದು. 2008ರಲ್ಲಿ ಫ್ರಾನ್ಸ್‌ನ ನಾಂಟ್ ನಗರದ ತಜ್ಞರು ಪ್ರಕಟಿಸಿದ ಮಾನದಂಡದಲ್ಲಿ ಐದು ಮುಖ್ಯ ಅಂಶಗಳಿವೆ. ನೋವು ಆ ನರ ಹರಡಿರುವ ಜಾಗದಲ್ಲೇ ಇರಬೇಕು, ಕೂತಾಗ ಹೆಚ್ಚಬೇಕು, ರಾತ್ರಿ ನಿದ್ದೆಯಿಂದ ಎಬ್ಬಿಸುವಂಥದ್ದಾಗಿರಬಾರದು, ಪರೀಕ್ಷಿಸಿದಾಗ ಸ್ಪರ್ಶಜ್ಞಾನ ಹೋಗಿರಬಾರದು, ನರಕ್ಕೆ ಅರಿವಳಿಕೆ ಚುಚ್ಚುಮದ್ದು ಕೊಟ್ಟಾಗ ನೋವು ತಗ್ಗಬೇಕು. ಮೊದಲ ಮೂರಕ್ಕೆ ಬೇಕಾದದ್ದು ವೈದ್ಯರ ಕಿವಿ, ನಾಲ್ಕನೆಯದಕ್ಕೆ ಕೈ. ಐದನೆಯದಕ್ಕಷ್ಟೇ ದೊಡ್ಡಾಸ್ಪತ್ರೆ ಬೇಕು. ಕುರ್ಚಿಯಲ್ಲಿ ಕೂರಲಾಗದವರು ಕಮೋಡಿನ ಮೇಲೆ ಹಾಯಾಗಿ ಕೂರಬಲ್ಲರೇ ಎಂಬ ಒಂದು ಪ್ರಶ್ನೆ ಅನೇಕ ಸಲ ದಾರಿ ತೋರುತ್ತದೆ, ಏಕೆಂದರೆ ಅಲ್ಲಿ ನರದ ಜಾಗಕ್ಕೆ ಒತ್ತಡ ಬೀಳುವುದಿಲ್ಲ.

ಈ ಪ್ರಶ್ನೆಗಳನ್ನು ಕೇಳದಿದ್ದರೆ ಏನಾಗುತ್ತದೆ ಎಂಬುದು ಕರ್ನಾಟಕಕ್ಕೆ ಹೊಸ ಪಾಠವಲ್ಲ. ಹೊಟ್ಟೆನೋವು, ಬಿಳಿಸೆರಗು ಎಂದು ಹೋದ ಬಡ ಹೆಣ್ಣುಮಕ್ಕಳ ಗರ್ಭಕೋಶವನ್ನು ಅನಗತ್ಯವಾಗಿ ತೆಗೆದುಹಾಕಿದ ಆರೋಪಗಳು ಕಲಬುರಗಿಯಿಂದಲೂ ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಿಂದಲೂ ಕೇಳಿಬಂದವು. ಇಂಥ ಅನಗತ್ಯ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಸರ್ಕಾರ 2022ರಲ್ಲಿ ರೂಪಿಸಿದ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಅಳವಡಿಸಿಕೊಳ್ಳಿ ಎಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ಹೇಳಬೇಕಾಯಿತು. ನರದಿಂದ ಬಂದ ನೋವು ಗರ್ಭಕೋಶ ತೆಗೆದರೆ ಹೋಗುವುದಿಲ್ಲ.

ತಾಲ್ಲೂಕು ಆಸ್ಪತ್ರೆಗೆ ಹೆರಿಗೆ, ರಕ್ತಹೀನತೆ, ಸಕ್ಕರೆ ಕಾಯಿಲೆಯೇ ಹೊರೆಯಾಗಿರುವಾಗ ಇಷ್ಟು ಸೂಕ್ಷ್ಮ ನೋವಿಗೆ ಸಮಯವೆಲ್ಲಿ ಎಂಬ ಆಕ್ಷೇಪ ಬರುತ್ತದೆ. ಗುರುತಿಸದ ನೋವು ಆಸ್ಪತ್ರೆಯ ಹೊರೆಯನ್ನು ಇಳಿಸುವುದಿಲ್ಲ. ಅದೇ ರೋಗಿ ಮತ್ತೆ ಮತ್ತೆ ಬರುತ್ತಾರೆ, ಪ್ರತಿ ಸಲವೂ ಆ್ಯಂಟಿಬಯೋಟಿಕ್ ಹಿಡಿದು ಹೋಗುತ್ತಾರೆ. ಶಕ್ತಿ ಯೋಜನೆಯಿಂದ ಸೋಸಲೆಯ ಹೆಣ್ಣುಮಗಳಿಗೆ ಮೈಸೂರಿನ ಬಸ್ ಪ್ರಯಾಣ ಉಚಿತವಾಗಿದೆ ನಿಜ, ಆದರೆ ಕೂರಲಾಗದವರಿಗೆ ಮೂವತ್ತಕ್ಕೂ ಹೆಚ್ಚು ಕಿಲೋಮೀಟರ್‌ನ ಆ ಪ್ರಯಾಣವೇ ಶಿಕ್ಷೆ. ಮೊದಲ ವಿಚಾರಣೆ ಹತ್ತಿರದಲ್ಲೇ ಆಗಬೇಕೆನ್ನುವುದು ಅದಕ್ಕೇ.

ಇನ್ನೊಂದು ಆಕ್ಷೇಪ ಎದುರು ದಿಕ್ಕಿನದು: ನರಳುತ್ತಿರುವವರನ್ನು ದೊಡ್ಡ ಅಧ್ಯಯನ ಬರುವವರೆಗೆ ಕಾಯಿಸಬೇಕೇ, ಒಳಗಿಡುವ ಮಾತ್ರೆ ಅಲ್ಲಷ್ಟೇ ಕೆಲಸ ಮಾಡುವುದರಿಂದ ಅಪಾಯವೇನು ಎಂಬುದು. ಈ ಕರುಣೆಯನ್ನು ಗೌರವಿಸಬೇಕು, ತರ್ಕವನ್ನು ಒಪ್ಪಲಾಗದು. ಒಳಗಿಟ್ಟ ಡಯಾಜಿಪಾಮ್ ರಕ್ತಕ್ಕೂ ಸೇರುತ್ತದೆ, ದೇಹದಲ್ಲಿ ಬಹುಹೊತ್ತು ಉಳಿಯುತ್ತದೆ, ಅಭ್ಯಾಸವಾಗುವ ಭಯವಿದೆ. ಅದು ಎಚ್1 ಪಟ್ಟಿಯ ಔಷಧವಾಗಿರುವುದು, ಅಂಗಡಿಯವರು ಮಾರಾಟವನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಬೇಕಾಗಿರುವುದು ಈ ಕಾರಣಕ್ಕೇ. ಬ್ಯಾಕ್ಲೊಫೆನನ್ನು ದಿನವೂ ತೆಗೆದುಕೊಳ್ಳುತ್ತಿದ್ದು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಕೂಡ ಬರಬಹುದು. ಹಾಗೆಂದು ಬಾಯಿಂದ ನುಂಗುವ ಔಷಧಗಳಿಗೆಲ್ಲ ಗಟ್ಟಿ ಪುರಾವೆ ಇದೆ ಎಂದೂ ಅಲ್ಲ. ಕಾರಣ ಗೊತ್ತಾಗದ ಕೆಳಹೊಟ್ಟೆ ನೋವಿರುವ 306 ಮಹಿಳೆಯರ ಮೇಲೆ ಬ್ರಿಟನ್‌ನಲ್ಲಿ ನಡೆದು 2020ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ನರದ ನೋವಿಗೆ ಕೊಡುವ ಗ್ಯಾಬಪೆಂಟಿನ್ ಕೂಡ ಔಷಧವಿಲ್ಲದ ಮಾತ್ರೆಗಿಂತ ಮೇಲಾಗಲಿಲ್ಲ, ಅಡ್ಡಪರಿಣಾಮ ಮಾತ್ರ ಹೆಚ್ಚಿತ್ತು. ಆದ್ದರಿಂದ ಬೇರೆ ಚಿಕಿತ್ಸೆ ಫಲಿಸದ, ಸ್ನಾಯು ಬಿಗಿತ ಸ್ಪಷ್ಟವಾಗಿರುವ ರೋಗಿಗೆ ವೈದ್ಯರ ನಿಗಾದಲ್ಲಿ, ಮೊದಲೇ ಗೊತ್ತುಮಾಡಿದ ಅವಧಿಗೆ ಸಪೋಸಿಟರಿ ಕೊಟ್ಟು ನೋಡುವುದು ಸರಿ. ಫಿಸಿಯೊಥೆರಪಿಯ ಜಾಗದಲ್ಲಿ ಅದನ್ನೇ ತಿಂಗಳುಗಟ್ಟಲೆ ಮುಂದುವರಿಸುವುದು ಸರಿಯಲ್ಲ.

ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ತಿ.ನರಸೀಪುರ ಮತ್ತು ನಂಜನಗೂಡಿನ ತಾಲ್ಲೂಕು ಆಸ್ಪತ್ರೆಗಳಲ್ಲಿ ಈ ನೋವಿನ ಪ್ರಶ್ನೆಗಳ ಒಂದು ಹಾಳೆ ಇರಲಿ, ಗರ್ಭಕೋಶ ತೆಗೆಸಲು ಕಳುಹಿಸುವ ಮುನ್ನ ಅದನ್ನು ತುಂಬುವುದು ಕಡ್ಡಾಯವಾಗಲಿ. ಮೈಸೂರು ವೈದ್ಯಕೀಯ ಕಾಲೇಜಿನ ಚೆಲುವಾಂಬ ಮತ್ತು ಕೆ.ಆರ್. ಆಸ್ಪತ್ರೆಗಳಲ್ಲಿ ಸ್ತ್ರೀರೋಗ, ಮೂತ್ರರೋಗ, ಅರಿವಳಿಕೆ ತಜ್ಞರೂ ಫಿಸಿಯೊಥೆರಪಿಸ್ಟರೂ ಒಟ್ಟಿಗೆ ಇಂಥ ರೋಗಿಗಳನ್ನು ನೋಡುವ ದಿನವೊಂದು ನಿಗದಿಯಾಗಲಿ. ಸಪೋಸಿಟರಿ ಪಡೆದ ಪ್ರತಿಯೊಬ್ಬರೂ ಎಷ್ಟು ಹೊತ್ತು ಕೂರಬಲ್ಲರು, ಎಷ್ಟು ಮಂಪರು ಬಂತು, ಯಾವಾಗ ಮತ್ತು ಏಕೆ ನಿಲ್ಲಿಸಿದರು ಎಂಬುದು ಗುರುತು ಬಿಟ್ಟುಕೊಡದಂತೆ ದಾಖಲಾಗಲಿ. ಮುಂದಿನ ರೋಗಿಗೆ ಈ ಮಾತ್ರೆ ಬೇಕೇ ಬೇಡವೇ ಎಂದು ಹೇಳಲು ಆ ದಾಖಲೆಯಿಂದ ಆಧಾರ ಸಿಗುತ್ತದೆ. ಆರೋಗ್ಯ ಇಲಾಖೆ ಈ ಕೆಲಸವನ್ನು ಮೈಸೂರು ಜಿಲ್ಲೆಯಲ್ಲಿ ಕೂಡಲೇ ಶುರು ಮಾಡಬೇಕು.